ಡಾ. ಕೋಟ್ನಿಸ್: ತ್ಯಾಗದ ಕತೆಯಲ್ಲಿ ಮರೆಯಾದ ಸರ್ಜನ್

ಡಾ. ದ್ವಾರಕಾನಾಥ ಕೋಟ್ನಿಸ್ ಅಂದ್ರೆ ನಮ್ಮ ಹಿರಿಯರಿಗೆ ನೆನಪಾಗೋದು 1946ರಲ್ಲಿ ಬಂದ ವಿ. ಶಾಂತಾರಾಮ್ ಸಿನಿಮಾ. ನನ್ನ ವಯಸ್ಸಿನವರಿಗೆ ಅದು ಚೀನಾದ ದೊಡ್ಡ ನಾಯಕರು ಭಾರತಕ್ಕೆ ಬಂದಾಗ ಪೇಪರಿನ ಒಳಪುಟದಲ್ಲಿ ಕಾಣಿಸಿಕೊಂಡು ಮರೆಯಾಗೋ ಒಂದು ಹೆಸರು. ಯುದ್ಧಕಾಲದ ಚೀನಾಕ್ಕೆ ಹೋದರು, ಗಾಯಾಳುಗಳ ಸೇವೆ ಮಾಡಿದರು, ಅಲ್ಲೇ ತೀರಿಕೊಂಡರು. ಇಷ್ಟೇ ಕತೆ. ಅವರು ಸರ್ಜನ್ ಆಗಿದ್ದರು, ದಿನಾ ಬೆಳಗಾದರೆ ಯಾರ ಕಾಲು ಉಳಿಸಬೇಕು, ಯಾರ ಕಾಲು ತೆಗೀಬೇಕು ಅಂತ ತೀರ್ಮಾನ ಮಾಡಬೇಕಿತ್ತು ಅನ್ನೋದು ಇದರಲ್ಲಿ ಎಲ್ಲೂ ಬರಲ್ಲ.

ಓದಿದ್ದು ಇಂಜಿನಿಯರಿಂಗ್ ಆದ್ದರಿಂದ ನನಗೆ ಈ ಕತೆಯಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಒಂದು ಅಂಕಿ. 1940ರಲ್ಲಿ ಉತ್ತರ ಚೀನಾದ ಬೆಟ್ಟಗಳಲ್ಲಿ ನಡೆದ ಒಂದು ಹೋರಾಟದ 13 ದಿನಗಳಲ್ಲಿ ಕೋಟ್ನಿಸ್ ಮತ್ತು ಅವರ ತಂಡದ ಬಳಿ ಬಂದ ಗಾಯಾಳುಗಳು 800ಕ್ಕೂ ಹೆಚ್ಚು. ಅದರಲ್ಲಿ ಆಪರೇಷನ್ ಆಗಿದ್ದು 558 ಮಂದಿಗೆ. ಭಾಗಾಕಾರ ಮಾಡಿ ನೋಡಿ. ಹಗಲು ರಾತ್ರಿ ಒಂದು ಕ್ಷಣ ನಿಲ್ಲಿಸದೆ ಕೆಲಸ ಮಾಡಿದರೂ ಒಂದು ಆಪರೇಷನ್‌ಗೆ ಸಿಗೋದು ಸುಮಾರು 33 ನಿಮಿಷ. ಆ ದಿನಗಳಲ್ಲಿ ಕೋಟ್ನಿಸ್ ಒಮ್ಮೆ 72 ಗಂಟೆ ನಿದ್ದೆ ಇಲ್ಲದೆ ನಿಂತಿದ್ದರು.

ಈ ಅಂಕಿ ಓದಿ ಅಬ್ಬಾ ಅಂದು ಮುಂದೆ ಹೋಗಬಹುದು. ಆದರೆ 800 ಮತ್ತು 558ರ ನಡುವೆ ಇರೋ ಅಂತರ ನೋಡಿ. ಯಾವ ಯುದ್ಧದ ಆಸ್ಪತ್ರೆಯಲ್ಲೂ ಬಾಗಿಲಲ್ಲೇ ಒಂದು ವಿಂಗಡಣೆ ನಡೆಯುತ್ತೆ. ಪಟ್ಟಿ ಕಟ್ಟಿದರೆ ಸಾಕಾದವರು, ನಾಳೆವರೆಗೆ ಕಾಯಬಲ್ಲವರು, ಈಗಲೇ ಟೇಬಲ್ ಮೇಲೆ ಹೋಗಬೇಕಾದವರು, ಟೇಬಲ್ ಮೇಲೆ ಹಾಕಿದರೂ ಉಳಿಯದವರು. ಯಾರು ಯಾವ ಸಾಲಿಗೆ ಅಂತ ಹೇಳಬೇಕಾದವನು ಸರ್ಜನ್. ಒಬ್ಬನಿಗೆ ಎರಡು ಗಂಟೆ ಕೊಟ್ಟರೆ ಇನ್ನು ಮೂವರ ಪಾಲಿನ ಹೊತ್ತು ಹೋಯಿತು. ಕೋಟ್ನಿಸ್ ಅವರ ಬದುಕನ್ನು ಈ ಬಾಗಿಲಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತೆ.

ಸಿದ್ಧರಾಮನ ಊರಿನಿಂದ

ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದಲ್ಲಿ. ನಮ್ಮವರ ಬಾಯಲ್ಲಿ ಅದು ಸೊನ್ನಲಿಗೆ, ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮನ ಊರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕೇಳೋ ಗಡಿನಾಡು. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ಎರೆ ಭೂಮಿ, ಅದೇ ಜೋಳದ ರೊಟ್ಟಿ, ಅದೇ ಬಿಸಿಲು. ಕೋಟ್ನಿಸರದು ಮಧ್ಯಮ ವರ್ಗದ ಮರಾಠಿ ಕುಟುಂಬ, ತುಂಬಿದ ಮನೆ. ಮುಂಬೈಗೆ ಹೋಗಿ ವೈದ್ಯಕೀಯ ಓದಿ ಮುಗಿಸಿದ್ದ ಮಗ ಉನ್ನತ ವ್ಯಾಸಂಗಕ್ಕೆ ತಯಾರಿ ನಡೆಸಿದ್ದರು.

ಆ ಹೊತ್ತಿಗೆ ಚೀನಾ ಹೊತ್ತಿ ಉರಿಯುತ್ತಿತ್ತು. 1937ರ ಜುಲೈನಲ್ಲಿ ಜಪಾನ್ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತ್ತು. ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯ ಮುಖ್ಯಸ್ಥ ಝೂ ದೆ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು, ಔಷಧಗಳನ್ನು ಕಳಿಸಿಕೊಡುವಂತೆ ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸ್ ದೇಶಕ್ಕೆ ಕರೆ ಕೊಟ್ಟರು. ನಾವೇ ಬ್ರಿಟಿಷರ ಕೈಯಲ್ಲಿದ್ದೆವು, ನಮ್ಮ ಹಳ್ಳಿಗಳಿಗೇ ಡಾಕ್ಟರ್ ಇರಲಿಲ್ಲ. ಆದರೂ ಜನ ಚಂದಾ ಕೊಟ್ಟರು. ಸುಮಾರು 22,000 ರೂಪಾಯಿ ಕೂಡಿತು, ಒಂದು ಆಂಬುಲೆನ್ಸ್ ಸಿದ್ಧವಾಯಿತು, ಐದು ಜನ ವೈದ್ಯರ ತಂಡ ಹೊರಟಿತು.

ತಂಡದ ನಾಯಕ ಅಲಹಾಬಾದಿನ ಡಾ. ಮದನ್ ಅಟಲ್, ಸ್ಪೇನಿನ ಅಂತರ್ಯುದ್ಧದಲ್ಲಿ ಕೆಲಸ ಮಾಡಿ ಬಂದಿದ್ದವರು. ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಿ.ಕೆ. ಬಸು ಮತ್ತು ದೇಬೇಶ್ ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್. 1938ರ ಸೆಪ್ಟೆಂಬರ್ 1ರಂದು ಮುಂಬೈನಿಂದ ಹಡಗು ಹೊರಟಾಗ ಕೋಟ್ನಿಸ್ ಅವರಿಗೆ ಇನ್ನೂ 28 ತುಂಬಿರಲಿಲ್ಲ. ಇವತ್ತಿನ ಲೆಕ್ಕದಲ್ಲಿ ಪಿಜಿ ಸೀಟಿಗೆ ಓದುತ್ತಾ ಕೂತಿರುವ ಹುಡುಗನ ವಯಸ್ಸು.

ಚೋಂಗ್‌ಚಿಂಗ್‌ನಲ್ಲಿ ಬಂದ ಸುದ್ದಿ

ಹಡಗು ಇಳಿದದ್ದು ದಕ್ಷಿಣ ಚೀನಾದಲ್ಲಿ. ಅಲ್ಲಿಂದ ಹಾಂಕೌ, ಯಿಚಾಂಗ್, ಚೋಂಗ್‌ಚಿಂಗ್. ಜಪಾನಿ ಸೇನೆ ಒಂದೊಂದೇ ಊರು ಹಿಡಿಯುತ್ತಾ ಬಂದಂತೆ ಆಸ್ಪತ್ರೆಗಳು ಹಿಂದೆ ಸರಿಯುತ್ತಿದ್ದವು, ಅವುಗಳ ಜೊತೆ ಭಾರತದ ವೈದ್ಯರೂ. ಆದರೆ ಇವರನ್ನು ಕರೆಸಿದ್ದು ಯಾನಾನ್‌ನ ಎಂಟನೇ ಮಾರ್ಗ ಸೇನೆ. ಚಿಯಾಂಗ್ ಕೈ-ಶೆಕ್ ಸರ್ಕಾರಕ್ಕೆ ಆ ಕಡೆಯವರ ಮೇಲೆ ನಂಬಿಕೆ ಇರಲಿಲ್ಲ. ಔಷಧವೂ ದುಡ್ಡೂ ಕಡಿಮೆ ಇದ್ದ ಕಡೆ ಅದೇ. ತಂಡ ಅಲ್ಲಿಗೇ ಹೋಗಬೇಕೆಂದು ನಿರ್ಧರಿಸಿತು.

ಚೋಂಗ್‌ಚಿಂಗ್‌ನಲ್ಲಿ ಇರುವಾಗಲೇ ಕೋಟ್ನಿಸ್ ಅವರಿಗೆ ಊರಿಂದ ತಂದೆ ತೀರಿಕೊಂಡ ಸುದ್ದಿ ಬಂತು. ನಮ್ಮ ಕಡೆ ತಂದೆ ಸತ್ತಾಗ ಮಗ ಇರಲಿಲ್ಲ ಅಂದ್ರೆ ಅದು ಮೂರು ತಲೆಮಾರು ಮಾತಾಡೋ ವಿಷಯ. ವಾಪಸ್ ಹೋಗಲು ಕಾರಣ ಇತ್ತು, ಜೊತೆಯವರ ಒಪ್ಪಿಗೆಯೂ ಇತ್ತು. ಆದರೂ ಅವರು ಉತ್ತರಕ್ಕೇ ಹೊರಟರು. ಚೀನಾದಲ್ಲಿ ಅವರು ತಗೊಂಡ ಮೊದಲ ಕಠಿಣ ತೀರ್ಮಾನ ಇದು. ಇದರ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ, ಸೊಲ್ಲಾಪುರದಲ್ಲಿ ದುಃಖದಲ್ಲಿದ್ದ ಮನೆಮಂದಿ ಕೂಡ. ತ್ಯಾಗದ ಕತೆ ಹೇಳುವಾಗ ನಾವು ಆ ಮನೆಯ ಕಡೆ ತಿರುಗಿ ನೋಡೋದು ಕಡಿಮೆ.

1939ರ ಫೆಬ್ರವರಿಯಲ್ಲಿ ತಂಡ ಯಾನಾನ್ ತಲುಪಿತು. ಮಾವೋ ಸೇರಿದಂತೆ ನಾಯಕರು ಸ್ವಾಗತಿಸಿದರು. ಐವರಿಗೂ ಚೀನೀ ಹೆಸರು ಸಿಕ್ಕಿತ್ತು, ಎಲ್ಲರ ಹೆಸರಿನ ಕೊನೆಗೂ ಚೀನಾ ಎಂಬ ಅರ್ಥ ಕೊಡುವ ಹುವಾ. ಕೋಟ್ನಿಸ್ ಕೆ ದಿಹುವಾ ಆದರು. ಅಲ್ಲಿನ ಆಸ್ಪತ್ರೆ ಅಂದ್ರೆ ಮಣ್ಣಿನ ಗುಡ್ಡ ಕೊರೆದು ಮಾಡಿದ ಗುಹೆಗಳು. ಬಾಂಬ್ ಬಿದ್ದರೂ ತಡೆಯುತ್ತೆ, ಬೆಳಕು ಮಾತ್ರ ಕಡಿಮೆ. ಚೋಳ್ಕರ್, ಮುಖರ್ಜಿ ಭಾರತಕ್ಕೆ ಮರಳಿದರು. ಉಳಿದ ಮೂವರು 1939ರ ಕೊನೆಗೆ ಯಾನಾನ್ ಬಿಟ್ಟು ರಣರಂಗದ ಕಡೆ ಹೊರಟರು. ಮುಂದೆ ಅಟಲ್ ಕೂಡ ಅನಾರೋಗ್ಯದಿಂದ ವಾಪಸಾಗಬೇಕಾಯಿತು.

ಬೆಥೂನ್ ಬಿಟ್ಟು ಹೋದ ಪಾಠ

ಅವರು ಹೊರಟಿದ್ದ ಪ್ರದೇಶದಲ್ಲಿ ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ ಕೆಲಸ ಮಾಡಿದ್ದರು. ಬೆಥೂನ್ 1938ರ ಸೆಪ್ಟೆಂಬರ್‌ನಲ್ಲಿ ಸೋಂಗ್‌ಯಾನ್‌ಕೌ ಎಂಬ ಹಳ್ಳಿಯಲ್ಲಿ ಮಾದರಿ ಆಸ್ಪತ್ರೆ ಕಟ್ಟಿಸಿದರು. ಸ್ವಲ್ಪ ದಿನಕ್ಕೇ ಜಪಾನಿ ಸೇನೆ ಬಂದು ಅದನ್ನು ನೆಲಸಮ ಮಾಡಿತು. ಗೆರಿಲ್ಲಾ ಯುದ್ಧದಲ್ಲಿ ಕಟ್ಟಡ ನಂಬಿ ಕೂತರೆ ಆಗಲ್ಲ ಅಂತ ಆಗ ಗೊತ್ತಾಯಿತು. ಬೆಥೂನ್ ಹೇಸರಗತ್ತೆಯ ಬೆನ್ನಿಗೆ ಹೊರಿಸಬಹುದಾದ ಮರದ ಪೆಟ್ಟಿಗೆಗಳನ್ನು ಮಾಡಿಸಿದರು. ಊರಿನ ಬಡಗಿಗಳೇ ಮಾಡಬಹುದಾದ ಸರಳ ಪೆಟ್ಟಿಗೆ. 100 ಆಪರೇಷನ್‌ಗೆ ಬೇಕಾಗುವ ಸಾಮಾನು ಅದರಲ್ಲಿ ಹಿಡಿಯುತ್ತಿತ್ತು. ಡಿಸೈನ್ ಅಂದ್ರೆ ಇದು ಅಂತ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಾದರೂ ತೋರಿಸಬಹುದು.

ಇಷ್ಟು ಕಷ್ಟಪಟ್ಟು ಆಸ್ಪತ್ರೆಯನ್ನೇ ಗಾಯಾಳುವಿನ ಹತ್ತಿರ ಒಯ್ಯೋದು ಯಾಕೆ? ಗುಂಡು, ಷೆಲ್ ಚೂರು ಹೊಕ್ಕ ಗಾಯದೊಳಗೆ ಮಣ್ಣು, ಬಟ್ಟೆಯ ಚಿಂದಿ, ಸತ್ತ ಮಾಂಸ ಉಳಿದಿರುತ್ತೆ. ಮೊದಲ ಆರೆಂಟು ಗಂಟೆಯಲ್ಲಿ ಅದನ್ನು ಕತ್ತರಿಸಿ ತೆಗೆದು, ಹೊಲಿಗೆ ಹಾಕದೆ ಗಾಯ ತೆರೆದೇ ಬಿಟ್ಟರೆ ಕೈಕಾಲು ಉಳಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಸೋಂಕು ಒಳಗಿಳಿಯುತ್ತೆ. ಗ್ಯಾಸ್ ಗ್ಯಾಂಗ್ರೀನ್ ಹಿಡಿದರೆ ಗಂಟೆಗಳ ಲೆಕ್ಕದಲ್ಲಿ ಮೇಲಕ್ಕೇರುತ್ತೆ. ಆಮೇಲೆ ಉಳಿಯೋದು ಒಂದೇ ದಾರಿ, ಕಾಲು ತೆಗೆಯೋದು.

ಆಗ ಪೆನ್ಸಿಲಿನ್ ಇನ್ನೂ ರೋಗಿಗಳ ಬಳಕೆಗೆ ಬಂದಿರಲಿಲ್ಲ. ಸಲ್ಫಾ ಗುಳಿಗೆ ಬಂದಿತ್ತು, ಆದರೆ ದಿಗ್ಬಂಧನ ದಾಟಿ ಬೆಟ್ಟದೊಳಗೆ ಬರುತ್ತಿದ್ದುದು ಬಹಳ ಕಡಿಮೆ. ಬಾಟಲಿಯಲ್ಲಿ ರಕ್ತ ಇಡಲು ತಂಪುಪೆಟ್ಟಿಗೆ ಇಲ್ಲದ ಕಡೆ ರಕ್ತ ಬೇಕೆಂದರೆ ಕೊಡೋ ಮನುಷ್ಯನನ್ನೇ ಕರೆತಂದು ಪಕ್ಕದಲ್ಲಿ ಮಲಗಿಸಬೇಕು. ಇಂಥ ಕಡೆ ಸರ್ಜನ್ ಮುಂದೆ ಒಂದು ಪ್ರಶ್ನೆ ದಿನಾ ಎದ್ದು ನಿಲ್ಲುತ್ತೆ. ಈ ಕಾಲನ್ನು ಉಳಿಸಲು ಎರಡು ದಿನ ಕಾದು ನೋಡಲೇ? ಕಾದರೆ ಕಾಲು ಉಳಿಯಬಹುದು, ಜೀವವೇ ಹೋಗಲೂಬಹುದು. ರಾತ್ರಿ ಶತ್ರು ಬಂದರೆ ಸ್ಟ್ರೆಚರ್ ಮೇಲೆ ಹೊತ್ತು ಬೆಟ್ಟ ಹತ್ತಬೇಕು, ಆಗ ನಿಗಾ ಇಡೋರು ಯಾರು? ಒಳ್ಳೆ ಆಸ್ಪತ್ರೆಯಲ್ಲಿ ಉಳಿಯಬಹುದಾದ ಕಾಲನ್ನು ಇಲ್ಲಿ ತೆಗೆಯಬೇಕಾಗುತ್ತೆ. ರೈತನ ಮಗ ಒಂದು ಕಾಲಲ್ಲಿ ಬದುಕು ಹೇಗೆ ಸಾಗಿಸ್ತಾನೆ ಅನ್ನೋದೂ ತೆಗೆಯೋನಿಗೆ ಗೊತ್ತಿರುತ್ತೆ.

ಬೆಥೂನ್ ಸತ್ತದ್ದೂ ಈ ಕೊರತೆಯಿಂದಲೇ. ಕೈಗವಸು ಇಲ್ಲದೆ ಆಪರೇಷನ್ ಮಾಡುವಾಗ ಬೆರಳಿಗೆ ಗಾಯವಾಯಿತು, ನಂಜು ರಕ್ತಕ್ಕೆ ಸೇರಿತು. 1939ರ ನವೆಂಬರ್ 12ರಂದು ತೀರಿಕೊಂಡರು. ಭಾರತದ ವೈದ್ಯರು ದಾರಿಯಲ್ಲಿದ್ದಾಗ ಆ ಸುದ್ದಿ ತಲುಪಿತು. ತಾವು ಹೋಗುತ್ತಿರುವ ಜಾಗ ಎಂಥದ್ದು ಅಂತ ಅವರಿಗೆ ಪೂರ್ತಿ ಗೊತ್ತಾದ ಮೇಲೂ ಹೆಜ್ಜೆ ಹಿಂದಿಡಲಿಲ್ಲ. ಜಪಾನಿ ಕಾವಲು ಸಾಲುಗಳನ್ನು ದಾಟಿ ಕೋಟ್ನಿಸ್ ಮತ್ತು ಬಸು 1940ರ ಮಧ್ಯಭಾಗದಲ್ಲಿ ಹೆಬೈ ಪ್ರಾಂತ್ಯದ ಬೆಟ್ಟಸೀಮೆ ಮುಟ್ಟಿದರು. ಬಸು ಯಾನಾನ್‌ಗೆ ಹಿಂದಿರುಗಿದರು. ಕೋಟ್ನಿಸ್ ಅಲ್ಲೇ ಉಳಿದರು.

ಆ ಆಗಸ್ಟ್‌ನಲ್ಲಿ ಎಂಟನೇ ಮಾರ್ಗ ಸೇನೆ ರೈಲು ಹಳಿ, ಗಣಿ, ಠಾಣೆಗಳ ಮೇಲೆ ದೊಡ್ಡ ದಾಳಿ ಶುರು ಮಾಡಿತು. ನೂರು ರೆಜಿಮೆಂಟುಗಳ ಕಾರ್ಯಾಚರಣೆ ಅಂತ ಅದರ ಹೆಸರು. ಮೇಲೆ ಹೇಳಿದ 13 ದಿನ, 558 ಆಪರೇಷನ್ ಈ ಹೊತ್ತಿನದು. ಬೆಥೂನ್ ತಂಡ 1939ರಲ್ಲಿ ಒಂದು ಕಾಳಗದಲ್ಲಿ 69 ಗಂಟೆಯಲ್ಲಿ 115 ಆಪರೇಷನ್ ಮಾಡಿತ್ತು. ಅಂದರೆ ಒಂದಕ್ಕೆ 36 ನಿಮಿಷ. ಕೋಟ್ನಿಸ್ ತಂಡದ್ದು ಅದಕ್ಕಿಂತ ತುಸು ಬಿಗಿಯಾದ ಲೆಕ್ಕ, ಅದೂ ಸುಮಾರು ಎರಡು ವಾರ.

ಕತ್ತರಿ ಕೆಳಗಿಟ್ಟು ಸೀಮೆಸುಣ್ಣ ಹಿಡಿದದ್ದು

ನನ್ನ ದೃಷ್ಟಿಯಲ್ಲಿ ಕೋಟ್ನಿಸ್ ತಗೊಂಡ ದೊಡ್ಡ ತೀರ್ಮಾನ ಇದಾದ ಮೇಲೆ ಬಂತು, ಸಿನಿಮಾಕ್ಕೆ ಅಷ್ಟೇನೂ ಒಗ್ಗದ ತೀರ್ಮಾನ. 1941ರ ಜನವರಿಯಲ್ಲಿ ಅವರನ್ನು ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರನ್ನಾಗಿ ಮಾಡಿದರು. ಆಗ ಅವರ ವಯಸ್ಸು 30. ರಣರಂಗದ ಹತ್ತಿರ ಕತ್ತರಿ ಹಿಡಿದು ನಿಂತಿದ್ದವರು ಇನ್ನು ರಿಜಿಸ್ಟರ್ ನೋಡಬೇಕು, ಔಷಧ ಅಳೆದು ಹಂಚಬೇಕು, ಪಕ್ಕದ ವೈದ್ಯಕೀಯ ಶಾಲೆಯಲ್ಲಿ ಪಾಠ ಹೇಳಬೇಕು. ಆ ಎರಡು ವರ್ಷಗಳಲ್ಲಿ 900ಕ್ಕೂ ಹೆಚ್ಚು ಆಪರೇಷನ್ ಮಾಡಿದರು ಅನ್ನೋದು ನಿಜ. ಆದರೆ ಅದಕ್ಕಿಂತ ದೂರ ಹೋದದ್ದು ಅವರ ಪಾಠ.

ಲೆಕ್ಕ ಸರಳ. ಒಬ್ಬ ಸರ್ಜನ್ ಎಷ್ಟೇ ಎಚ್ಚರ ಇದ್ದರೂ ಒಂದು ಹೊತ್ತಿಗೆ ಒಂದೇ ಟೇಬಲ್ ಮುಂದೆ ನಿಲ್ಲಬಲ್ಲ. ಸತ್ತ ಮಾಂಸ ತೆಗೆಯೋದು, ರಕ್ತ ನಿಲ್ಲಿಸೋದು, ಮುರಿದ ಕಾಲಿಗೆ ದಬ್ಬೆ ಕಟ್ಟೋದು ಇಷ್ಟನ್ನು ಹಳ್ಳಿ ಹುಡುಗರಿಗೆ ಚೆನ್ನಾಗಿ ಕಲಿಸಿದರೆ, ಗಾಯಾಳು ಸರ್ಜನ್ ಹತ್ತಿರ ಬರೋ ಹೊತ್ತಿಗೆ ಅವನ ಕಾಲು ಇನ್ನೂ ಉಳಿಸೋ ಸ್ಥಿತಿಯಲ್ಲಿರುತ್ತೆ. ಕಠಿಣ ತೀರ್ಮಾನಗಳ ಸಂಖ್ಯೆಯೇ ಕಡಿಮೆ ಆಗುತ್ತೆ. ಇದಕ್ಕಾಗಿ ಕೋಟ್ನಿಸ್ ಚೀನೀ ಭಾಷೆ ಕಲಿತರು. ಮಾತಾಡೋಷ್ಟು ಮಾತ್ರ ಅಲ್ಲ, ಅದರಲ್ಲೇ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಮೂಲತತ್ವಗಳ ಬಗ್ಗೆ ಪಠ್ಯವನ್ನೇ ಬರೆದರು. ಎರಡನೇ ಪುಸ್ತಕಕ್ಕೂ ಕೈ ಹಾಕಿದರು.

ವೈದ್ಯಕೀಯವನ್ನು ಕನ್ನಡದಲ್ಲಿ ಕಲಿಸಬಹುದೇ ಅಂತ ನಾವು ಇನ್ನೂ ಸಭೆ ನಡೆಸುತ್ತಿದ್ದೇವೆ. ಸೊಲ್ಲಾಪುರದ ಹುಡುಗನೊಬ್ಬ ಪರದೇಶದ ಭಾಷೆ ಕಲಿತು, ಆ ದೇಶದ ರೈತರ ಮಕ್ಕಳಿಗೆ ಅವರದೇ ಮಾತಲ್ಲಿ ಸರ್ಜರಿ ಕಲಿಸಿ ಎಂಟು ದಶಕ ದಾಟಿತು.

1941ರ ಕೊನೆಗೆ ಅವರು ಅಲ್ಲೇ ನರ್ಸಿಂಗ್ ಕಲಿಸುತ್ತಿದ್ದ ಗುವೊ ಚಿಂಗ್ಲಾನ್ ಅವರನ್ನು ಮದುವೆಯಾದರು. 1942ರ ಜುಲೈನಲ್ಲಿ ಚೀನಾ ಕಮ್ಯುನಿಸ್ಟ್ ಪಕ್ಷ ಸೇರಿದರು. ಆಗಸ್ಟ್‌ನಲ್ಲಿ ಮಗ ಹುಟ್ಟಿದ. ಹೆಸರು ಯಿನ್‌ಹುವಾ. ಯಿನ್ ಅಂದ್ರೆ ಭಾರತ, ಹುವಾ ಅಂದ್ರೆ ಚೀನಾ.

ತನ್ನದೇ ದೇಹದ ಬಗ್ಗೆ

ಈ ಹೊತ್ತಿಗೆ ಕೋಟ್ನಿಸ್ ಅವರಿಗೆ ಮೂರ್ಛೆರೋಗ ಅಂಟಿಕೊಂಡಿತ್ತು. ನಮ್ಮ ಕಡೆ ಫಿಟ್ಸ್ ಅಂತೀವಲ್ಲ, ಅದು. ಸರ್ಜನ್‌ಗೆ ಇದಕ್ಕಿಂತ ಕ್ರೂರ ಕಾಯಿಲೆ ಇನ್ನೊಂದಿಲ್ಲ. ಯಾವಾಗ ಬರುತ್ತೆ ಗೊತ್ತಿಲ್ಲ, ನಿದ್ದೆ ಕೆಟ್ಟರೆ ಹೆಚ್ಚಾಗುತ್ತೆ, ಅವರ ಕೆಲಸವೋ ನಿದ್ದೆ ಕೆಡೋದೇ. ಆ ಪ್ರದೇಶದ ಸೇನಾ ಮುಖ್ಯಸ್ಥ ನೀ ರೋಂಗ್‌ಝೆನ್ ಅವರು ಚಿಕಿತ್ಸೆ ಸಿಗುವ ಕಡೆಗೆ ಹೋಗುವಂತೆ ಸಲಹೆ ಕೊಟ್ಟರು. ಕೋಟ್ನಿಸ್ ಹೋಗಲಿಲ್ಲ. 1942ರ ಡಿಸೆಂಬರ್ 9ರಂದು ಒಂದರ ಹಿಂದೊಂದು ಬಂದ ಫಿಟ್ಸ್‌ನಲ್ಲಿ ತೀರಿಕೊಂಡರು. 32 ವರ್ಷ. ಮಗನಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಎರಡನೇ ಪುಸ್ತಕ ಅರ್ಧಕ್ಕೇ ನಿಂತಿತು.

ಇಲ್ಲಿ ನಾನು ಎಲ್ಲರ ಜೊತೆ ದನಿಗೂಡಿಸಲಾರೆ. ಈ ಕೊನೆಯ ತೀರ್ಮಾನವನ್ನು ನಾವು ಅತಿ ಹೆಚ್ಚು ಹೊಗಳುತ್ತೇವೆ. ನನಗೆ ಇದು ಹೊಗಳೋ ವಿಷಯ ಅನ್ನಿಸಲ್ಲ, ದುಃಖದ ವಿಷಯ ಅನ್ನಿಸುತ್ತೆ. ಅವರು ಇನ್ನೂ ಹತ್ತು ವರ್ಷ ಬದುಕಿದ್ದರೆ ಆ ಪುಸ್ತಕ ಮುಗಿಯುತ್ತಿತ್ತು, ಇನ್ನಷ್ಟು ಬ್ಯಾಚ್ ಹುಡುಗರು ತಯಾರಾಗುತ್ತಿದ್ದರು. ಬದಲಿ ಸರ್ಜನ್ ಇಲ್ಲ, ಬಿಟ್ಟು ಹೋದರೆ ಯಾರೂ ಇಲ್ಲ ಅನ್ನೋ ಸ್ಥಿತಿಯಲ್ಲಿ ಆ ಮನುಷ್ಯ ಹಾಗೆ ಯೋಚಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಅದನ್ನೇ ಆದರ್ಶ ಅಂತ ಮಾಡಿ ಇವತ್ತಿನ ಡಾಕ್ಟರ ಮುಂದೆ ಹಿಡಿಯೋದು ತಪ್ಪು. ಇವತ್ತಿಗೂ ನಮ್ಮ ಸರ್ಕಾರಿ ಕಾಲೇಜುಗಳ ಪಿಜಿ ಹುಡುಗ ಹುಡುಗಿಯರು 24 ಗಂಟೆ, 36 ಗಂಟೆ ಒಂದೇ ಸಮ ಡ್ಯೂಟಿ ಮಾಡ್ತಾರೆ. ಅವರ ಮೇಲೆ ಬಾಂಬ್ ಬೀಳ್ತಿಲ್ಲ, ಯಾವ ಶತ್ರುವಿನ ದಿಗ್ಬಂಧನವೂ ಇಲ್ಲ. ಹುದ್ದೆ ತುಂಬಿಲ್ಲ, ಅಷ್ಟೇ. ಕೋಟ್ನಿಸರ 72 ಗಂಟೆಗೆ ಕಾರಣ ಯುದ್ಧ. ಇವರ 36 ಗಂಟೆಗೆ ಕಾರಣ ಕಡತ.

ಪೆಟ್ಟಿಗೆಯೊಳಗೆ ಏನಿತ್ತು?

ಕೋಟ್ನಿಸ್ ಸತ್ತ ಮೇಲೆ ಅವರ ಹೆಸರು ಬಹಳ ಕಡೆ ಓಡಾಡಿತು. ಖ್ವಾಜಾ ಅಹ್ಮದ್ ಅಬ್ಬಾಸ್ ಪುಸ್ತಕ ಬರೆದರು, ಅದನ್ನು ಆಧರಿಸಿ ಶಾಂತಾರಾಮ್ ಸಿನಿಮಾ ಮಾಡಿದರು. 1962ರ ಯುದ್ಧ ಬಂತು, ಎರಡು ದೇಶಗಳ ಸಂಬಂಧ ಕೆಟ್ಟಿತು. ಸರಿಹೋದಾಗಲೆಲ್ಲ ಕೋಟ್ನಿಸ್ ಫೋಟೋ ಹೊರಗೆ ಬಂತು. ಮಗ ಯಿನ್‌ಹುವಾ ಕೂಡ ವೈದ್ಯಕೀಯ ಓದುತ್ತಿದ್ದ, 1967ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡ. ಗುವೊ ಚಿಂಗ್ಲಾನ್ 2012ರವರೆಗೆ ಬದುಕಿದ್ದರು. ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನ್ ಮತ್ತು ಕೋಟ್ನಿಸ್ ಇಬ್ಬರ ಸಮಾಧಿಯೂ ಇದೆ. ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕವಾಗಿದೆ.

ಇಷ್ಟೆಲ್ಲ ಸ್ಮಾರಕಗಳ ನಡುವೆ ಬಳ್ಳಾರಿ ಜಿಲ್ಲೆಯ ನನಗೆ ಮತ್ತೆ ಮತ್ತೆ ನೆನಪಾಗೋದು ಹೇಸರಗತ್ತೆಯ ಮೇಲಿನ ಆ ಮರದ ಪೆಟ್ಟಿಗೆ. ನಮ್ಮ ಕೊಳಗಲ್ಲು ಬಳ್ಳಾರಿಗೆ ಹತ್ತಿರವೇ, ನಾವು ಅದೃಷ್ಟವಂತರು. ಸಿರುಗುಪ್ಪದ ಗಡಿ ಹಳ್ಳಿಯಲ್ಲೋ ಕುರುಗೋಡಿನ ಆಚೆಯೋ ಹೆರಿಗೆ ಕಷ್ಟವಾದರೆ, ಟ್ರ್ಯಾಕ್ಟರ್ ಮಗುಚಿ ಕಾಲು ನಜ್ಜುಗುಜ್ಜಾದರೆ, ಮೊದಲ ಆರೆಂಟು ಗಂಟೆಯಲ್ಲಿ ಎಷ್ಟು ಹೊತ್ತು ರಸ್ತೆಯಲ್ಲೇ ಕಳೆಯುತ್ತೆ ಅಂತ ಆ ಕಡೆಯವರನ್ನು ಕೇಳಿ. ಸರ್ಜನ್ ಕೈ ಸೇರೋ ಹೊತ್ತಿಗೆ ಅರ್ಧ ತೀರ್ಮಾನ ರಸ್ತೆಯೇ ಮಾಡಿ ಮುಗಿಸಿರುತ್ತೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಅನುಮಾನ ಹೋದದ್ದು ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಕಡೆಗೆ. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು. ಆಪರೇಷನ್ ಟೇಬಲ್ ಮುಂದೆ ನಿಂತ ಡಾಕ್ಟರ್ ಬಾಟಲಿ ಒಳಗೆ ಏನಿದೆ ಅಂತ ಪರೀಕ್ಷೆ ಮಾಡಿ ಏರಿಸಲ್ಲ. ಅದನ್ನು ಖರೀದಿಸಿದವರು, ಪರೀಕ್ಷಿಸಿದವರು, ಪಾಸ್ ಮಾಡಿದವರು ಎಲ್ಲರೂ ಆ ಟೇಬಲ್ ಸುತ್ತ ನಿಂತಿರುತ್ತಾರೆ, ಕಣ್ಣಿಗೆ ಕಾಣಲ್ಲ ಅಷ್ಟೇ.

ರೋಗಿ ಉಳಿದರೆ ಡಾಕ್ಟರ್ ದೇವರು, ಸತ್ತರೆ ಆಸ್ಪತ್ರೆ ಗಾಜು ಪುಡಿಪುಡಿ. ಎರಡರಲ್ಲೂ ನಾವು ನೋಡೋದು ಕೊನೆಯಲ್ಲಿ ಕತ್ತರಿ ಹಿಡಿದವನನ್ನು ಮಾತ್ರ. ಕೋಟ್ನಿಸ್ ಅವರಿಗೆ ಇದು 30ನೇ ವಯಸ್ಸಿಗೇ ಅರ್ಥವಾಗಿತ್ತು. ಅದಕ್ಕೇ ಅವರು ಬೆಟ್ಟದ ಹಳ್ಳಿಯಲ್ಲಿ ಕೂತು, ಕಲಿತ ಭಾಷೆಯಲ್ಲಿ, ದಬ್ಬೆ ಕಟ್ಟೋದು ಹೇಗೆ ಅಂತ ಬರೆದರು. ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ಅವರ ತ್ಯಾಗದ ಬಗ್ಗೆ ಭಾಷಣ ಮಾಡಿದರೆ ಕೇಳಿಸಿಕೊಳ್ಳಿ, ಚಪ್ಪಾಳೆಯನ್ನೂ ಹೊಡೀರಿ. ಆಮೇಲೆ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅರಿವಳಿಕೆ ಡಾಕ್ಟರ್ ಹುದ್ದೆ ತುಂಬಿದೆಯಾ, ರಾತ್ರಿ ರಕ್ತ ಸಿಗುತ್ತಾ, ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಅಂತ ಮೂರೇ ಪ್ರಶ್ನೆ ಕೇಳಿ ಬನ್ನಿ.